ವೇಗ ಸರಿ, ತಡವರಿಕೆ ಏಕೆ?

ಹೊಸ ಫೈಬರ್ ಸಂಪರ್ಕ ಬಂದ ದಿನ ಎಲ್ಲರೂ ಮೊದಲು ಮಾಡುವುದು ಸ್ಪೀಡ್ ಟೆಸ್ಟ್. 100 ಎಂಬಿಪಿಎಸ್ ಎಂದು ತೋರಿಸಿದರೆ ಸಮಾಧಾನ. ಆದರೆ ವಿಡಿಯೊ ಕರೆಗೆ ಬೇಕಾದದ್ದು ಅದರಲ್ಲಿ ಕೆಲವೇ ಎಂಬಿಪಿಎಸ್. ಅಷ್ಟು ವೇಗವಿದ್ದೂ ಆಚೆಯವರ ಮಾತು ತುಂಡುತುಂಡಾಗಿ ಕೇಳಿಸುತ್ತಿದ್ದರೆ ದತ್ತಾಂಶದ ಪ್ಯಾಕೆಟ್‌ಗಳು ತಡವಾಗುತ್ತಿವೆ, ಇಲ್ಲವೇ ದಾರಿಯಲ್ಲೇ ಕಳೆದುಹೋಗುತ್ತಿವೆ. ರಾತ್ರಿ ಒಂಬತ್ತಕ್ಕೆ ಕೆಟ್ಟ ಸಂಪರ್ಕ ಬೆಳಿಗ್ಗೆ ತಂತ್ರಜ್ಞರು ಬರುವ ಹೊತ್ತಿಗೆ ನೆಟ್ಟಗಾಗಿರುತ್ತದೆ. ಆಗ ಬಳಕೆದಾರನ ಕೈಯಲ್ಲಿ ದಾಖಲೆ ಇರಬೇಕು.

ಅದನ್ನು ಮನೆಯಲ್ಲೇ ಸಿದ್ಧಪಡಿಸಬಹುದು. ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರ್, ಉಚಿತ ತಂತ್ರಾಂಶ ಇದ್ದರೆ ಸಾಕು. ಮೂಲ ಸಾಧನ 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ‘ಪಿಂಗ್’. ಸಣ್ಣ ಸಂದೇಶ ಕಳುಹಿಸಿ, ಮರುದನಿ ಬರಲು ಎಷ್ಟು ಹೊತ್ತಾಯಿತೆಂದು ಅದು ಅಳೆಯುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಕೇಬಲ್ ಹಾದಿ ಸಾವಿರ ಕಿ.ಮೀ. ಎಂದುಕೊಂಡರೆ ಹೋಗಿಬರಲು 10 ಮಿಲಿಸೆಕೆಂಡು ಬೇಕು. ಉತ್ತರ 300 ಮಿಲಿಸೆಕೆಂಡಿಗೆ ಬಂದರೆ ದೂರವನ್ನು ದೂರುವಂತಿಲ್ಲ.

ಸ್ವಿಟ್ಜರ್ಲೆಂಡಿನ ಟೋಬಿಯಾಸ್ ಓಟಿಕರ್ ರೂಪಿಸಿದ ‘ಸ್ಮೋಕ್‌ಪಿಂಗ್’ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ 20 ಪಿಂಗ್ ಕಳುಹಿಸುತ್ತದೆ. ನಡುವಿನ ಬೆಲೆ ಗೆರೆಯಾಗುತ್ತದೆ, ಉಳಿದವುಗಳ ಏರಿಳಿತ ಅದರ ಸುತ್ತ ಬೂದು ಹೊಗೆಯಂತೆ ಹರಡುತ್ತದೆ. ಸರಾಸರಿ ಮುಚ್ಚಿಡುವುದನ್ನು ಈ ಹೊಗೆ ಹೊರಗೆಡಹುತ್ತದೆ. ನನಗೆ ಇದು ಬಹಳ ಪ್ರಾಮಾಣಿಕ ನಕ್ಷೆಯಾಗಿ ಕಾಣುತ್ತದೆ.

ಪೈಯನ್ನು ರೂಟರ್‌ಗೆ ವೈಫೈ ಬದಲು ಕೇಬಲ್‌ನಿಂದಲೇ ಜೋಡಿಸಿ, ಮೂರು ಗುರಿಗಳನ್ನು ಕೊಡಬೇಕು: ಮನೆಯ ರೂಟರ್, ಸೇವಾದಾರರ ಮೊದಲ ದ್ವಾರ, ಹೊರಗಿನ 8.8.8.8ರಂಥ ವಿಳಾಸ. ರೂಟರ್ ಚೆನ್ನಾಗಿ ಉತ್ತರಿಸಿ ಉಳಿದೆರಡೂ ಸುಮ್ಮನಾದರೆ ತೊಂದರೆ ಬೀದಿಯ ಕಡೆಗಿದೆ. ಮೂರೂ ಸರಿಯಿದ್ದು ಮೊಬೈಲ್ ಮಾತ್ರ ತಡವರಿಸಿದರೆ ವೈಫೈಯನ್ನು ಶಂಕಿಸಬೇಕು. ಮಳೆಗೆ ಕರೆಂಟು ಹೋಗುವ ಮಲೆನಾಡಿನಲ್ಲಿ ಪೈ, ರೂಟರ್ ಎರಡೂ ಒಂದೇ ಯುಪಿಎಸ್‌ನಲ್ಲಿರಲಿ. ಇಲ್ಲವಾದರೆ ವಿದ್ಯುತ್ ಕಡಿತವೇ ಇಂಟರ್‌ನೆಟ್ ಕಡಿತವೆಂದು ದಾಖಲಾಗುತ್ತದೆ.

ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗಲೆಲ್ಲ ಗೆರೆ ಜಿಗಿದರೆ ಅದು ಬಹುತೇಕ ‘ಬಫರ್‌ಬ್ಲೋಟ್’. ರೂಟರ್ ತನ್ನ ಸ್ಮೃತಿಯಲ್ಲಿ ಪ್ಯಾಕೆಟ್‌ಗಳನ್ನು ಅತಿಯಾಗಿ ತುಂಬಿಸಿಕೊಂಡು ಸರತಿ ಬೆಳೆಸುತ್ತದೆ, ನಿಮ್ಮ ಮಾತು ಅದರ ಹಿಂದೆ ನಿಲ್ಲುತ್ತದೆ. ದುಬಾರಿ ಪ್ಲಾನ್ ಕೊಳ್ಳುವ ಮೊದಲು ರೂಟರ್‌ನಲ್ಲಿ ಈ ಸರತಿಯನ್ನು ಹತೋಟಿಯಲ್ಲಿಡುವ ‘ಎಫ್‌ಕ್ಯೂ-ಕೋಡೆಲ್’ ಸೌಲಭ್ಯವಿದೆಯೇ ನೋಡಿ.

ಸ್ಪೀಡ್ ಟೆಸ್ಟನ್ನೂ ಗಂಟೆಗೊಮ್ಮೆ ನಡೆಸಬಹುದು, ಆದರೆ 100 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡಿನ ಡೌನ್‌ಲೋಡಿಗೆ 125 ಎಂಬಿ ಖರ್ಚು, ದಿನಕ್ಕೆ 3 ಜಿಬಿ. ದಿನಕ್ಕೆ ನಾಲ್ಕು ಸಲ ಸಾಕು.

ಸ್ಮೋಕ್‌ಪಿಂಗ್‌ನ ಕಡತ ಬೆಳೆಯುತ್ತ ಹೋಗುವುದಿಲ್ಲ. ಹಳೆಯ ಅಂಕಿಗಳನ್ನು ಅದು ಸರಾಸರಿಗೆ ಇಳಿಸುವುದರಿಂದ ಹತ್ತು ನಿಮಿಷದ ಕಡಿತ ವರ್ಷದ ನಕ್ಷೆಯಲ್ಲಿ ಕಾಣದು. ದೂರು ಕೊಡುವ ಯೋಚನೆಯಿದ್ದರೆ ಆ ದಿನದ ನಕ್ಷೆಯನ್ನು ಅಂದೇ ಉಳಿಸಿಕೊಳ್ಳಿ.