ಖಾಲಿ ಮನೆಗಳ ಕೋಷ್ಟಕ

ಗ್ರಾಹಕನ ಅಭಿರುಚಿಯನ್ನು ಅರಿತು ಸರಕನ್ನು ಮುಂದಿಡುವುದು ವರ್ತಕನ ಹಳೆಯ ಜಾಣ್ಮೆ. ಇಂದು ಅಂತರಜಾಲ ಮಳಿಗೆಗಳಲ್ಲಿ ಈ ಕಾರ್ಯವನ್ನು ಗಣಕಯಂತ್ರಗಳು ನಿರ್ವಹಿಸುತ್ತಿವೆ. ಆದರೆ ಅವು ಆಧರಿಸುವ ದತ್ತಾಂಶ ಬಹುಪಾಲು ಖಾಲಿ.

ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯು ತನ್ನ ಶಿಫಾರಸಿನ ನಿಖರತೆಯನ್ನು ಶೇ. 10ರಷ್ಟು ಹೆಚ್ಚಿಸುವವರಿಗೆ 2006ರಲ್ಲಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಇದಕ್ಕಾಗಿ 4,80,189 ಗ್ರಾಹಕರು 17,770 ಚಿತ್ರಗಳಿಗೆ ನೀಡಿದ್ದ ಸುಮಾರು 10 ಕೋಟಿ ಅಂಕಗಳನ್ನು ಒದಗಿಸಿತು. ಗ್ರಾಹಕನಿಗೊಂದು ಸಾಲು, ಚಿತ್ರಕ್ಕೊಂದು ಕಾಲಂ ಎಂದು ಬರೆದರೆ ಕೋಷ್ಟಕದಲ್ಲಿ ಸುಮಾರು 853 ಕೋಟಿ ಮನೆಗಳಾಗುತ್ತವೆ. ಭರ್ತಿಯಾಗಿದ್ದವು ಶೇ. 1.2ರಷ್ಟು ಮಾತ್ರ!

ಇಬ್ಬರು ಗ್ರಾಹಕರೂ ನೋಡಿದ ಚಿತ್ರಗಳು ವಿರಳವಾದಾಗ ಅವರ ಅಭಿರುಚಿಯನ್ನು ಹೋಲಿಸುವುದು ಕಷ್ಟ. ಆದುದರಿಂದ ಸ್ಪರ್ಧಿಗಳು ಅಂಕಗಳ ಹಿಂದೆ ಅಡಗಿದ ಕೆಲವೇ ಗುಣಾಂಶಗಳನ್ನು ಗಣಿತದಿಂದ ಕಂಡುಕೊಂಡು, ಅವುಗಳ ಮೂಲಕ ಖಾಲಿ ಮನೆಗಳನ್ನು ಅಂದಾಜಿಸಿದರು. 2009ರಲ್ಲಿ ‘ಬೆಲ್‌ಕೋರ್ಸ್ ಪ್ರಾಗ್ಮ್ಯಾಟಿಕ್ ಕೇಯಾಸ್’ ತಂಡವು ಬಹುಮಾನ ಗಳಿಸಿತು.

ಈ ವಿರಳತೆಗೆ ಇನ್ನೊಂದು ಮುಖವೂ ಉಂಟು. ಕೆಲವರಷ್ಟೇ ನೋಡಿದ ಚಿತ್ರಗಳ ಪಟ್ಟಿಯು ಸಹಿಯಂತೆ ವ್ಯಕ್ತಿಯನ್ನು ತೋರಿಸಿಕೊಡುತ್ತದೆ. ಹೆಸರುಗಳನ್ನು ತೆಗೆದಿದ್ದರೂ, ಬೇರೆಡೆ ಬಹಿರಂಗವಾಗಿದ್ದ ಅಂಕಗಳೊಡನೆ ಹೋಲಿಸಿ ಗ್ರಾಹಕರನ್ನು ಗುರುತಿಸಬಹುದೆಂದು ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ 2008ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಖಾಸಗಿತನದ ಆಕ್ಷೇಪಣೆಗಳಿಂದಾಗಿ 2010ರಲ್ಲಿ ಸಂಸ್ಥೆಯು ಎರಡನೆಯ ಸ್ಪರ್ಧೆಯನ್ನು ಕೈಬಿಟ್ಟಿತು.

ಮಾರಾಟದ ದಾಖಲೆಗಳನ್ನು ಇತರ ಸಂಸ್ಥೆಗಳಿಗೆ ಒಪ್ಪಿಸುವ ವರ್ತಕರು ಇದನ್ನು ಗಮನಿಸಬೇಕು. ಶಿಫಾರಸು ಅಂದಾಜೇ ಹೊರತು ಅರಿವಲ್ಲ. ಹೆಸರನ್ನು ಅಳಿಸಿದ ಮಾತ್ರಕ್ಕೆ ಗ್ರಾಹಕನ ಗುಟ್ಟು ಉಳಿಯುವುದಿಲ್ಲ.