ನೀರು ಕಡಿಮೆಯಾದಷ್ಟೂ ನಗುವ ಹೂವು: ಬಾಲ್ಕನಿಯಲ್ಲಿ ಮರುಭೂಮಿ ಗುಲಾಬಿ

ಲಿಂಗಂಪಲ್ಲಿ (ಹೈದರಾಬಾದ್): ಬೇಸಿಗೆ ಬಂತೆಂದರೆ ನಮ್ಮ ಲಿಂಗಂಪಲ್ಲಿಯ ಅಪಾರ್ಟ್‌ಮೆಂಟುಗಳ ಮುಂದೆ ನೀರಿನ ಟ್ಯಾಂಕರುಗಳು ಕಾಣತೊಡಗುತ್ತವೆ. ಬೀದರ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನದಿಯ ನೀರು ನಗರದ ಈ ಭಾಗಕ್ಕೆ ಬರುತ್ತದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಮಾತೇ. ಆದರೂ ಬೋರ್‌ವೆಲ್ ಕೈಕೊಟ್ಟ ದಿನ ಬಕೆಟ್ ಲೆಕ್ಕ ಹಾಕುವುದು ತಪ್ಪಿದ್ದಲ್ಲ. ಊರಲ್ಲಿ ಹಿತ್ತಿಲು ತುಂಬ ಹೂವು ಬೆಳೆದವರು ಇಲ್ಲಿ ಚಿಕ್ಕ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡರೆ, ಮೇ ತಿಂಗಳಿಗೆ ಅವೂ ಒಣಗುತ್ತವೆ.

ಇಂಥ ಬಾಲ್ಕನಿಗೆ ಹೇಳಿ ಮಾಡಿಸಿದ ಗಿಡವೊಂದಿದೆ. ಅದೇ ಅಡೇನಿಯಂ, ಅಂದರೆ ಮರುಭೂಮಿ ಗುಲಾಬಿ. ಬಿಸಿಲು 40 ಡಿಗ್ರಿ ದಾಟಿದಾಗಲೂ ಗುಲಾಬಿ, ಕೆಂಪು, ಬಿಳಿ ಬಣ್ಣದ ಹೂವು ಬಿಟ್ಟುಕೊಂಡು ನಗುತ್ತಿರುತ್ತದೆ. ಆದರೆ ನಾನು ತಂದ ಮೊದಲ ಎರಡು ಗಿಡಗಳು ಸತ್ತವು. ಬಿಸಿಲಿಗಲ್ಲ, ನಾನು ಹಾಕಿದ ನೀರಿಗೆ!

ಗುಲಾಬಿಯಲ್ಲ, ಕಣಗಿಲೆಯ ನೆಂಟ

ಹೆಸರಿನಲ್ಲಿ ಗುಲಾಬಿ ಇದ್ದರೂ ಇದು ಗುಲಾಬಿ ಜಾತಿಯದಲ್ಲ. ನಮ್ಮ ಕಣಗಿಲೆ, ನಿತ್ಯಪುಷ್ಪ, ಎಕ್ಕ ಇವೆಲ್ಲ ಸೇರಿರುವ ಕುಟುಂಬದ್ದು. ಇದರ ತವರು ಆಫ್ರಿಕಾದ ಒಣ ಪ್ರದೇಶಗಳು ಮತ್ತು ಅರೇಬಿಯಾ. ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್ಕಾಲ್ ಎಂಬಾತ ಡೆನ್ಮಾರ್ಕ್ ದೊರೆ ಕಳಿಸಿದ ತಂಡದ ಜೊತೆ ಯೆಮನ್‌ಗೆ ಹೋಗಿ, 1763ರಲ್ಲಿ ಅಲ್ಲೇ ತೀರಿಕೊಂಡ. ಆತನ ಟಿಪ್ಪಣಿಗಳು 1775ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಈ ಗಿಡಕ್ಕೆ ಆತ ಇಟ್ಟ ಹೆಸರಿನ ಅರ್ಥ 'ದಢೂತಿ ಕಣಗಿಲೆ' ಎಂದು! ಅಡೇನಿಯಂ ಎಂಬ ಪ್ರತ್ಯೇಕ ಹೆಸರು ಬಂದದ್ದು 1819ರಲ್ಲಿ.

ದಢೂತಿ ಎಂದದ್ದು ಸುಳ್ಳಲ್ಲ. ಬುಡದಲ್ಲಿ ಊದಿಕೊಂಡ ಬೊಡ್ಡೆಯೇ ಇದರ ಅಂದ. ಮಳೆಗಾಲದಲ್ಲಿ ಸಿಕ್ಕ ನೀರನ್ನು ಗಿಡ ಈ ಬೊಡ್ಡೆಯಲ್ಲಿ ಕೂಡಿಟ್ಟುಕೊಂಡು ಬರಗಾಲದಲ್ಲಿ ಸ್ವಲ್ಪಸ್ವಲ್ಪವೇ ಬಳಸುತ್ತದೆ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ ಅದು ಗಿಡದ ಉಳಿತಾಯ ಖಾತೆ.

ನಾನು ಮಾಡಿದ ತಪ್ಪು

ಮೊದಲ ಗಿಡಕ್ಕೆ ತುಳಸಿಗೆ ಹಾಕುವಂತೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದೆ. ಆಗಸ್ಟ್ ಜಡಿಮಳೆಯಲ್ಲೂ ಕುಂಡವನ್ನು ಒಳಗೆ ಸರಿಸಲಿಲ್ಲ. ಒಂದು ದಿನ ಬೊಡ್ಡೆ ಮುಟ್ಟಿದರೆ ಕಳಿತ ಪಪ್ಪಾಯಿಯಂತೆ ಮೆತ್ತಗಾಗಿತ್ತು. ಎರಡನೆಯದರ ಕುಂಡದ ಕೆಳಗೆ ಅಂದಕ್ಕೆಂದು ತಟ್ಟೆ ಇಟ್ಟೆ. ಅದರಲ್ಲಿ ನಿಂತ ನೀರೇ ಬೇರು ಕೊಳೆಸಿತು.

ಮೂರನೆಯದು ಬದುಕಿದ ಕಥೆ ಬೇರೆ. ಮೇ ತಿಂಗಳಲ್ಲಿ ಇಪ್ಪತ್ತು ದಿನ ಊರಿಗೆ ಹೋಗುವಾಗ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ ಹೋಗಿದ್ದೆ. ಬಂದಾಗ ಅವರು, 'ಮರೆತೇ ಹೋಯಿತು ಸಾರ್, ಕ್ಷಮಿಸಿ' ಎಂದು ಕೈಮುಗಿದರು. ನೋಡಿದರೆ ಉಳಿದ ಗಿಡಗಳು ಒಣಗಿದ್ದವು, ಅಡೇನಿಯಂ ಮಾತ್ರ ಏಳು ಹೂವು ಬಿಟ್ಟು ನಿಂತಿತ್ತು. ಈ ಗಿಡಕ್ಕೆ ಬೇಕಾದದ್ದು ಏನು, ಬೇಡವಾದದ್ದು ಏನು ಎಂದು ನನಗೆ ಅರ್ಥವಾದದ್ದು ಆ ದಿನ.

ಮಣ್ಣು ಮತ್ತು ಕುಂಡ

ನೀರು ಒಂದು ಕ್ಷಣವೂ ನಿಲ್ಲಬಾರದು. ಅರ್ಧ ಪಾಲು ಒರಟು ಮರಳು ಮತ್ತು ಇಟ್ಟಿಗೆ ಚೂರು, ಕಾಲು ಪಾಲು ಕೆಂಪು ಮಣ್ಣು, ಕಾಲು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಇಷ್ಟು ಸಾಕು. ಅಗಲವಾದ, ಆಳವಿಲ್ಲದ, ತಳದಲ್ಲಿ ದೊಡ್ಡ ತೂತುಗಳಿರುವ ಮಣ್ಣಿನ ಕುಂಡ ಉತ್ತಮ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿ ಗಿಡ ಸೊರಗಿ ಉದ್ದಕ್ಕೆ ಬೆಳೆಯುತ್ತದೆಯೇ ಹೊರತು ಹೂವು ಬಿಡುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಬೊಡ್ಡೆಯನ್ನು ಒಂದು ಅಂಗುಲ ಮೇಲಕ್ಕೆತ್ತಿ ನೆಟ್ಟರೆ ಬೇರುಗಳು ಹೊರಗೆ ಕಂಡು ಪುಟ್ಟ ಆಲದ ಮರದಂತೆ ಕಾಣುತ್ತದೆ. ಬೇರು ಕತ್ತರಿಸಿದ್ದರೆ ಗಾಯ ಒಣಗುವವರೆಗೆ, ಒಂದು ವಾರ ನೀರು ಬೇಡ.

ಯಾವಾಗ ಎಷ್ಟು ನೀರು?

ಹಾಕುವ ಮುನ್ನ ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ. ತೇವವಿದ್ದರೆ ಬೇಡ. ಒಣಗಿದ್ದರೆ ತೂತಿನಿಂದ ಹೊರಬರುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಬಿಡಿ. ಮಳೆಗಾಲದಲ್ಲಿ ಕುಂಡವನ್ನು ಮಳೆ ಬೀಳದ ಕಡೆ ಇಡಿ. ಡಿಸೆಂಬರ್, ಜನವರಿ ಚಳಿಗೆ ಎಲೆ ಉದುರಿದರೆ ಗಾಬರಿ ಬೇಡ, ಅದು ಗಿಡದ ನಿದ್ದೆ. 'ಪಾಪ, ಒಣಗುತ್ತಿದೆ' ಎಂದು ಆಗ ನೀರು ಸುರಿಯುವುದೇ ದೊಡ್ಡ ಅಪಾಯ.

ಬೊಡ್ಡೆ ಗಟ್ಟಿಯಿದ್ದರೆ ಕ್ಷೇಮ. ಮಣ್ಣು ಒಣಗಿ ಬೊಡ್ಡೆ ಸುಕ್ಕುಗಟ್ಟಿದ್ದರೆ ಬಾಯಾರಿಕೆ. ಮಣ್ಣು ಹಸಿಯಿದ್ದು ಬೊಡ್ಡೆ ಮೆತ್ತಗಾಗಿದ್ದರೆ ಕೊಳೆ. ಆಗ ತಡಮಾಡದೆ ಕಿತ್ತು, ಕೊಳೆತ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಶಿಲೀಂಧ್ರನಾಶಕ ಪುಡಿ ಹಚ್ಚಿ, ನೆರಳಲ್ಲಿ ವಾರ ಒಣಗಿಸಿ ಮತ್ತೆ ನೆಟ್ಟರೆ ಎಷ್ಟೋ ಗಿಡ ಉಳಿಯುತ್ತವೆ.

ಫೆಬ್ರವರಿ ಕೊನೆಗೆ ಕೊಂಬೆ ಸವರಬೇಕು. ಹೂವು ಬರುವುದು ಕೊಂಬೆಯ ತುದಿಯಲ್ಲಿ. ತುದಿ ಹೆಚ್ಚಿದಷ್ಟೂ ಹೂವು ಹೆಚ್ಚು. ಬೀಜದಿಂದ ಬೆಳೆದ ಗಿಡಕ್ಕೆ ಬೊಡ್ಡೆ ಚೆನ್ನಾಗಿ ಬರುತ್ತದೆ, ಆದರೆ ತಾಯಿಗಿಡದ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ. ಅದೇ ಬಣ್ಣ ಬೇಕೆಂದರೆ ಕಸಿ ಗಿಡವೇ ಆಗಬೇಕು. ಗೋದಾವರಿ ತೀರದ ಕಡಿಯಂ ನರ್ಸರಿಗಳು, ನೆಕ್ಲೆಸ್ ರಸ್ತೆಯ ನರ್ಸರಿ ಮೇಳದ ಹೆಸರು ಇಲ್ಲಿನ ಗಿಡಪ್ರಿಯರಿಗೆಲ್ಲ ಗೊತ್ತು. ಎಲ್ಲೇ ಕೊಂಡರೂ ಬೊಡ್ಡೆಯನ್ನು ಒತ್ತಿ ನೋಡಿಯೇ ಹಣ ಕೊಡಿ.

ಹಾಲಿನ ಬಗ್ಗೆ ಎಚ್ಚರ

ಒಂದು ಮಾತು ಮರೆಯಬಾರದು. ಕಣಗಿಲೆಯಂತೆ ಇದೂ ವಿಷದ ಗಿಡ. ಇದರ ರಸದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಅಂಶಗಳಿವೆ. ಆಫ್ರಿಕಾದ ಬೇಟೆಗಾರರು ಇದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಕೊಂಬೆ ಸವರಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಅಂಬೆಗಾಲಿಡುವ ಮಕ್ಕಳ ಕೈಗೆಟುಕುವಂತೆ ಇಡಬೇಡಿ. ಕತ್ತರಿಸಿದ ಕೊಂಬೆಯನ್ನು ದನ, ಮೇಕೆ ಬಾಯಿ ಹಾಕುವ ಕಡೆ ಎಸೆಯಬೇಡಿ. ಯಾರಾದರೂ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ದು, ಗಿಡದ ಹೆಸರನ್ನೂ ವೈದ್ಯರಿಗೆ ಹೇಳಿ.

ಸಂಘದ ಬಂಧುಗಳಲ್ಲಿ ಒಂದು ಕೋರಿಕೆ

ಸಮಾರಂಭಗಳಲ್ಲಿ ಹಾರ ತುರಾಯಿಯ ಬದಲು ಗಿಡ ಕೊಡುವ ಒಳ್ಳೆಯ ಪದ್ಧತಿ ಬಂದಿದೆ. ಅಡೇನಿಯಂ ಕೊಡುವುದಾದರೆ ನವೆಂಬರ್‌ನ ರಾಜ್ಯೋತ್ಸವಕ್ಕಿಂತ ಯುಗಾದಿಯ ಕಾರ್ಯಕ್ರಮವೇ ಮೇಲು. ನವೆಂಬರ್‌ನಲ್ಲಿ ಗಿಡ ನಿದ್ದೆಗೆ ಜಾರುತ್ತಿರುತ್ತದೆ. ಪಡೆದವರು ಪ್ರೀತಿಯಿಂದ ನೀರು ಹಾಕಿ ಸಂಕ್ರಾಂತಿಯೊಳಗೆ ಕೊಂದಿರುತ್ತಾರೆ. ಯುಗಾದಿಗೆ ಕೊಟ್ಟರೆ ಚಿಗುರುವ ಕಾಲ, ಬೇಸಿಗೆಯೆಲ್ಲ ಮುಂದಿದೆ. ಕುಂಡದ ಜೊತೆ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆದುಕೊಡಿ: 'ಮಣ್ಣು ಒಣಗಿದ ಮೇಲೆ ನೀರು. ಹಾಲು ವಿಷ, ಮಕ್ಕಳಿಂದ ದೂರ.'

ನನ್ನ ಮೊದಲ ಗಿಡದ ಜೊತೆ ಯಾರಾದರೂ ಆ ಚೀಟಿ ಕೊಟ್ಟಿದ್ದರೆ ಅದು ಇಂದಿಗೂ ಬದುಕಿರುತ್ತಿತ್ತು.