ಹಳೆಯ ಗಾಜಿನ ಜಾಡಿಯ ವಯಸ್ಸನ್ನು ಅರಿಯುವ ಬಗೆ

ಅಮೇರಿಕಾದ ಹಳೆಯ ತೋಟದ ಮನೆಗಳ ಹಿತ್ತಿಲನ್ನು ಅಗೆಯುವಾಗ ನೀಲಿ ಅಥವಾ ತಿಳಿಹಸಿರು ಬಣ್ಣದ ಗಾಜಿನ ಜಾಡಿಗಳು ಸಿಗುವುದುಂಟು. ಪುರಸಭೆಗಳು ಕಸ ಸಂಗ್ರಹಿಸುವ ಪದ್ಧತಿ ಬರುವ ಮೊದಲು ಅಲ್ಲಿನ ಜನರು ಬೇಡವಾದ ಬಾಟಲಿ, ಜಾಡಿಗಳನ್ನು ಹಿತ್ತಿಲಿನ ಗುಂಡಿಗೋ ಬಳಕೆ ನಿಂತ ಶೌಚದ ಗುಂಡಿಗೋ ಹಾಕುತ್ತಿದ್ದರು. ಇಂದು ಹವ್ಯಾಸಿಗಳು ಅವುಗಳನ್ನು ಅಗೆದು ತೆಗೆಯುತ್ತಾರೆ. ನಮ್ಮ ಕರಾವಳಿಯ ಅನೇಕ ಕುಟುಂಬಗಳ ಸದಸ್ಯರು ಅಮೇರಿಕಾದಲ್ಲಿ ನೆಲೆಸಿರುವುದರಿಂದ, ಇಂಥ ಜಾಡಿಯೊಂದು ನಮ್ಮವರ ಕೈಗೂ ಬರಬಹುದು. ಅದರ ಮೈಮೇಲೆ 'ಮೇಸನ್ಸ್ ಪೇಟೆಂಟ್, ನವೆಂಬರ್ 30, 1858' ಎಂಬ ಉಬ್ಬಕ್ಷರಗಳಿದ್ದರೆ, ಜಾಡಿಯು ಅದೇ ವರ್ಷ ತಯಾರಾದದ್ದು ಎಂದು ಭಾವಿಸುವುದು ಸಹಜ. ಆದರೆ ಆ ಭಾವನೆ ಹೆಚ್ಚಾಗಿ ಸರಿಯಲ್ಲ. ಇದನ್ನು ಅರಿಯದೆ ಸಾಧಾರಣ ಜಾಡಿಗೆ ದುಬಾರಿ ಬೆಲೆ ತೆರುವ, ಮನೆತನದ ವಸ್ತುವಿಗೆ ಇಲ್ಲದ ಚರಿತ್ರೆಯನ್ನು ಕಟ್ಟುವ ಸಾಧ್ಯತೆಯಿದೆ. ಆದುದರಿಂದ ಜಾಡಿಯನ್ನು ಗುರುತಿಸುವ ಬಗೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ವಿವರಿಸುತ್ತೇವೆ.

1858 ಏನನ್ನು ಹೇಳುತ್ತದೆ?

ಆಹಾರವನ್ನು ಪಾತ್ರೆಯಲ್ಲಿ ಭದ್ರವಾಗಿ ಮುಚ್ಚಿ ಕುದಿಸಿ ಕೆಡದಂತೆ ಇಡುವ ವಿಧಾನವನ್ನು ಫ್ರಾನ್ಸಿನ ನಿಕೋಲಾ ಅಪೇರ್ 1810ರಲ್ಲಿ ಪ್ರಕಟಿಸಿದರು. ಆದರೆ ಮನೆಗಳಲ್ಲಿ ಪಾತ್ರೆಯ ಬಾಯಿಗೆ ಬೆಣೆ ಹಾಕಿ ಮೇಣದಿಂದ ಮುಚ್ಚುವುದು ತ್ರಾಸದ ಕೆಲಸವಾಗಿತ್ತು. ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡು ಕೆಲಸಗಾರರು ಜಾಡಿಯ ಕುತ್ತಿಗೆಯ ಗಾಜಿನಲ್ಲೇ ತಿರುಪಿನ ಸುತ್ತುಗಳನ್ನು ಮೂಡಿಸಿ, ಸತುವಿನ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡುವ ಉಪಾಯ ಕಂಡುಹಿಡಿದರು. ಅದಕ್ಕೆ ಪೇಟೆಂಟ್ ದೊರೆತ ದಿನವೇ 1858ರ ನವೆಂಬರ್ 30. ಮುಂದೆ ಪೇಟೆಂಟಿನ ಅವಧಿ ಮುಗಿದಾಗ ಹತ್ತಾರು ಕಾರ್ಖಾನೆಗಳು ಅಂಥದೇ ಜಾಡಿಗಳನ್ನು ಮಾಡತೊಡಗಿದವು. ಗಿರಾಕಿಗಳಿಗೆ ಪರಿಚಿತವಾಗಿದ್ದ ಆ ದಿನಾಂಕವನ್ನು 20ನೇ ಶತಮಾನದ ಆರಂಭದ ವರ್ಷಗಳವರೆಗೂ ಅಚ್ಚಿನಲ್ಲಿ ಉಳಿಸಿಕೊಂಡವು. ಮೇಸನ್ 1902ರಲ್ಲಿ ನಿಧನರಾದ ಬಳಿಕವೂ ಆ ಬರಹವಿರುವ ಜಾಡಿಗಳು ತಯಾರಾಗುತ್ತಲೇ ಇದ್ದವು.

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಮಾಡಿನ ಹಂಚುಗಳನ್ನು ನೋಡಿದರೆ ಸಾಕು. ಬಾಸೆಲ್ ಮಿಶನ್ ಹಂಚಿನ ಮೇಲೆ 1865 ಎಂದೂ, ಆಲ್ಬುಕರ್ಕ್ ಹಂಚಿನ ಮೇಲೆ 1868 ಎಂದೂ ಇರುತ್ತದೆ. ಅದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ. ಜಾಡಿಯ ಮೇಲಿನ 1858 ಕೂಡಾ ಇದೇ ಬಗೆಯದು: ಜಾಡಿ ಅದಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ ಅದು ತಿಳಿಸುತ್ತದೆ.

ಮೊದಲು ಬಾಯಿ, ಬಳಿಕ ತಳ

ಬರಹಕ್ಕಿಂತ ಮೊದಲು ಜಾಡಿಯ ಬಾಯಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಬೇಕು. ಬಾಯಿಯಿಂದ ಊದಿ ಮಾಡುತ್ತಿದ್ದ ಕಾಲದಲ್ಲಿ ಅಚ್ಚಿನಿಂದ ಮೇಲಕ್ಕೆ ಉಳಿದ ಗಾಜನ್ನು ಮುರಿದು, ಅಂಚನ್ನು ಉಜ್ಜಿ ಸಮ ಮಾಡುತ್ತಿದ್ದರು. ಹಾಗಾಗಿ ಅದು ಚಪ್ಪಟೆಯಾಗಿ, ಮಂಕಾಗಿ, ಒರಟಾಗಿ ಇರುತ್ತದೆ. ಸಣ್ಣ ಚಕ್ಕೆ ಎದ್ದಿರುವುದೂ ಇದೆ. ಇಂಥವು ಸಾಮಾನ್ಯವಾಗಿ ಸುಮಾರು 1915ಕ್ಕಿಂತ ಹಿಂದಿನವು. ಅಂಚು ದುಂಡಗೆ, ನುಣುಪಾಗಿ ಇದ್ದರೆ ಅದು ಯಂತ್ರದಿಂದ ಮಾಡಿದ್ದು, ಅಂದರೆ ಬಹುಮಟ್ಟಿಗೆ 20ನೇ ಶತಮಾನದ್ದು.

ಬಾಟಲಿಗಳ ವಿಷಯದಲ್ಲಿ ಪಕ್ಕದ ಅಚ್ಚಿನ ಗೆರೆ ಬಾಯಿಯ ತುದಿಯವರೆಗೆ ಹೋಗಿದ್ದರೆ ಯಂತ್ರದ್ದು ಎಂಬ ನಿಯಮವಿದೆ. ಅಂಚು ಉಜ್ಜಿದ ಜಾಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವುಗಳಲ್ಲಿ ತಿರುಪಿನ ಭಾಗವೂ ಅಚ್ಚಿನಲ್ಲೇ ಮೂಡುವುದರಿಂದ, ಊದಿ ಮಾಡಿದ ಜಾಡಿಯಲ್ಲೂ ಗೆರೆ ತುದಿಯವರೆಗೆ ಇರುತ್ತದೆ.

ತಳದಲ್ಲಿ ಒಂದು ಬದಿಗೆ ಸರಿದಂತಿರುವ, ಗರಿಯಂಥ ಅಂಚಿನ ವೃತ್ತಾಕಾರದ ಗುರುತು ಇದ್ದರೆ ಅದು ಮೈಕಲ್ ಓವೆನ್ಸ್ ಅವರ ಸ್ವಯಂಚಾಲಿತ ಯಂತ್ರದ ಗುರುತು. ಆ ಯಂತ್ರಕ್ಕೆ 1904ರಲ್ಲಿ ಪೇಟೆಂಟ್ ದೊರೆಯಿತು. ತಳದಲ್ಲಿರುವ 5, 8, 13 ಮುಂತಾದ ಅಂಕೆಗಳು ಸಾಮಾನ್ಯವಾಗಿ ಅಚ್ಚಿನ ಕ್ರಮಸಂಖ್ಯೆಗಳು. ಅವು ವರ್ಷವನ್ನು ಸೂಚಿಸುವುದಿಲ್ಲ.

ಹೆಸರು ಮತ್ತು ಚಿಹ್ನೆ

ಹೆಚ್ಚಾಗಿ ಕಾಣಸಿಗುವ ಹೆಸರು ಬಾಲ್. ಐವರು ಸಹೋದರರ ಈ ಕಂಪೆನಿ 1884ರಲ್ಲಿ ಬಫಲೋ ನಗರದಲ್ಲಿ ಗಾಜಿನ ಜಾಡಿ ಮಾಡತೊಡಗಿತು. ನೈಸರ್ಗಿಕ ಅನಿಲ ಹೇರಳವಾಗಿ ಸಿಗುತ್ತಿದ್ದುದರಿಂದ ಮುಂದೆ ಇಂಡಿಯಾನಾದ ಮನ್ಸಿಗೆ ಸ್ಥಳಾಂತರಗೊಂಡಿತು. ಹೆಸರನ್ನು ಬರೆದ ರೀತಿಯಿಂದಲೇ ಕಾಲವನ್ನು ಅಂದಾಜಿಸಬಹುದು. ಕೊನೆಯಲ್ಲಿ ಮೂರನೆಯ 'ಎಲ್' ಇದೆಯೋ ಎಂಬಂತೆ ಕುಣಿಕೆ ಇದ್ದರೆ ಸುಮಾರು 1900ರಿಂದ 1910. 'ಎ' ಅಕ್ಷರ ಉಳಿದವುಗಳಿಗಿಂತ ಕೆಳಗೆ ಇಳಿದಿದ್ದರೆ ಸುಮಾರು 1910ರಿಂದ 1923. 'ಕೆರ್' ಎಂದಿದ್ದರೆ ಅದು 1903ರ ನಂತರದ್ದು. ಚಪ್ಪಟೆ ತಗಡು ಮತ್ತು ತಿರುಪಿನ ಬಳೆ ಎಂಬ ಎರಡು ಭಾಗಗಳ ಮುಚ್ಚಳವನ್ನು 1915ರಲ್ಲಿ ತಂದದ್ದು ಇದೇ ಕಂಪೆನಿ.

ಕೆಲವು ಜಾಡಿಗಳಲ್ಲಿ 'ಮೇಸನ್ಸ್' ಎಂಬ ಪದದ ಕೆಳಗೆ ಶಿಲುಬೆಯ ಗುರುತು ಇರುತ್ತದೆ. ಇದನ್ನು ಕಂಡು ಜಾಡಿಯು ಯಾವುದೋ ಕಾನ್ವೆಂಟಿನದು ಅಥವಾ ಗುರುಮನೆಯದು ಎಂದು ನಮ್ಮವರಿಗೆ ತೋಚುವುದು ಸಹಜ. ವಾಸ್ತವದಲ್ಲಿ ಅದು ಫಿಲಡೆಲ್ಫಿಯಾದ ಹೀರೋ ಎಂಬ ಕಂಪೆನಿಯ ವ್ಯಾಪಾರ ಚಿಹ್ನೆ.

ಬಣ್ಣವನ್ನು ನಂಬುವ ಮೊದಲು

ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು, ನೀಲಿ ಛಾಯೆ ಬರುತ್ತದೆ. ಬಾಲ್ ಜಾಡಿಗಳ ಹೆಸರಾಂತ ನೀಲಿ ಬಣ್ಣಕ್ಕೆ ಮಿಶಿಗನ್ ಸರೋವರ ತೀರದ 'ಹೂಸಿಯರ್ ಸ್ಲೈಡ್' ಎಂಬ ಮರಳುದಿಬ್ಬದ ಮರಳು ಕಾರಣವೆನ್ನುತ್ತಾರೆ. ಆ ಇಡೀ ದಿಬ್ಬವನ್ನೇ ಅಗೆದು ಸಾಗಿಸಲಾಯಿತು. ಈ ನೀಲಿ ಜಾಡಿಗಳು ಲಕ್ಷಗಟ್ಟಲೆ ತಯಾರಾದವು; ಆದುದರಿಂದ ನೀಲಿ ಎಂದ ಮಾತ್ರಕ್ಕೆ ಅಪರೂಪವಲ್ಲ. 2013ರಲ್ಲಿ ಬಾಲ್ ಹೆಸರಿನಲ್ಲೇ ನೆನಪಿನ ನೀಲಿ ಜಾಡಿಗಳು, 2015ರಲ್ಲಿ ನೇರಳೆ ಜಾಡಿಗಳು ಹೊಸದಾಗಿ ಮಾರುಕಟ್ಟೆಗೆ ಬಂದಿವೆ.

ಗಾಜನ್ನು ಬಿಳುಪು ಮಾಡಲು ಮ್ಯಾಂಗನೀಸ್ ಬೆರೆಸಿದ ಹಳೆಯ ಜಾಡಿಗಳು ದೀರ್ಘಕಾಲ ಬಿಸಿಲಿಗೆ ಬಿದ್ದರೆ ತಿಳಿನೇರಳೆಯಾಗುತ್ತವೆ. ಆದರೆ ಕೆಲವು ವ್ಯಾಪಾರಿಗಳು ಕೃತಕ ವಿಕಿರಣಕ್ಕೆ ಒಡ್ಡಿ ಕಡುನೇರಳೆ ಮಾಡಿಸಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. 1858 ಎಂಬ ಬರಹವಿರುವ ನಕಲಿ ಜಾಡಿಗಳೂ ಇವೆ. ಹೊಳೆಯುವ ವಿಚಿತ್ರ ಬಣ್ಣ, ನುಣುಪಾದ ಬಾಯಿ, ಒಂದು ಗೀರೂ ಇಲ್ಲದ ತಳ – ಇವು ಮೂರೂ ಸೇರಿದ್ದರೆ ಸಂಶಯಪಡುವುದು ಒಳಿತು.

ಮುಚ್ಚಳವೂ ಸಾಕ್ಷಿಯಲ್ಲ. ಸತುವು ಆಹಾರಕ್ಕೆ ತಗಲಿ ರುಚಿ ಕೆಡುತ್ತಿದ್ದುದರಿಂದ ಲೂಯಿಸ್ ಬಾಯ್ಡ್ ಅವರು 1869ರಲ್ಲಿ ಮುಚ್ಚಳದೊಳಗೆ ಬಿಳಿ ಗಾಜಿನ ಬಿಲ್ಲೆ ಅಳವಡಿಸುವ ಪೇಟೆಂಟ್ ಪಡೆದರು. ಅಂಥ ಮುಚ್ಚಳಗಳು ಒಂದು ಜಾಡಿಯಿಂದ ಇನ್ನೊಂದಕ್ಕೆ ಸುಲಭವಾಗಿ ಬದಲಾಗುತ್ತಿದ್ದವು.

ಅಗೆಯುವವರು ಗಮನಿಸಬೇಕಾದದ್ದು

ಖಾಸಗಿ ಜಾಗದಲ್ಲಿ ಮಾಲೀಕರ ಅನುಮತಿಯಿಲ್ಲದೆ ಅಗೆಯಬಾರದು. ಅಮೇರಿಕಾದ ಫೆಡರಲ್ ಸರಕಾರದ ಜಮೀನಿನಲ್ಲಿರುವ, 100 ವರ್ಷ ದಾಟಿದ ಪುರಾತತ್ವ ವಸ್ತುಗಳಿಗೆ 1979ರ ಕಾನೂನಿನ ರಕ್ಷಣೆ ಇದೆ. ಆಳವಾದ ಗುಂಡಿಯ ಮಣ್ಣು ಕುಸಿಯುವ ಅಪಾಯವಿರುವುದರಿಂದ ಒಬ್ಬರೇ ಇಳಿಯುವುದು ಸಲ್ಲದು. ಸಿಕ್ಕಿದ ಜಾಡಿಯನ್ನು ತೊಳೆಯುವ ಮೊದಲೇ ಅದು ಎಷ್ಟು ಆಳದಲ್ಲಿ, ಯಾವ ವಸ್ತುಗಳ ಜೊತೆಗಿತ್ತು ಎಂದು ಬರೆದಿಡಬೇಕು. ಜೊತೆಗೆ ಸಿಕ್ಕಿದ ನಾಣ್ಯವೋ ಪಿಂಗಾಣಿ ಚೂರೋ ಜಾಡಿಯ ಮೇಲಿನ ಬರಹಕ್ಕಿಂತ ಹೆಚ್ಚಿನದನ್ನು ತಿಳಿಸೀತು. ತೊಳೆಯುವಾಗ ಬಿಸಿನೀರು ಹಾಕಿದರೆ ಹಳೆಯ ಗಾಜು ಬಿರಿಯಬಹುದು. ಇಂಥ ಜಾಡಿಗಳನ್ನು ಮತ್ತೆ ಆಹಾರ ಕಾಪಿಡಲು ಬಳಸದಿರುವುದೇ ಕ್ಷೇಮ.

ಹೆಚ್ಚಿನ ಜಾಡಿಗಳಿಗೆ ದೊಡ್ಡ ಬೆಲೆಯಿಲ್ಲ. ಆದರೂ ಚಳಿಗಾಲದಲ್ಲಿ ಮಕ್ಕಳ ಬಟ್ಟಲು ಬರಿದಾಗದಿರಲೆಂದು ಬೇಸಿಗೆಯಲ್ಲಿ ಹಣ್ಣು, ತರಕಾರಿಗಳನ್ನು ಕಾಪಿಟ್ಟ ಮನೆಯೊಡತಿಯರ ದುಡಿಮೆ ಅವುಗಳ ಹಿಂದಿದೆ. ಆ ದುಡಿಮೆ 1858ರದ್ದಾಗಿರಲಿ, 1920ರದ್ದಾಗಿರಲಿ, ಅದರ ನಿಜವಾದ ಕಾಲವನ್ನೇ ಚೀಟಿಯಲ್ಲಿ ಬರೆದು ಜಾಡಿಯೊಂದಿಗೆ ಇಡುವಂತೆ ಓದುಗರನ್ನು ಕೋರುತ್ತೇವೆ.